ಗ್ರಂಥಾಲಯ ಶಿಕ್ಷಣದಲ್ಲಿ ಆತ್ಮಪರೀಕ್ಷೆ

ವಿದ್ಯಾಸಂಸ್ಥೆಯು ತನ್ನ ವಿದ್ಯಾರ್ಥಿಗಳನ್ನು ವರ್ಷವರ್ಷವೂ ಪರೀಕ್ಷೆಗೆ ಒಡ್ಡುತ್ತದೆ. ಅವರ ಉತ್ತರಗಳನ್ನು ತೂಗಿ ನೋಡಿ ತೇರ್ಗಡೆ, ಅನುತ್ತೀರ್ಣ ಎಂದು ನಿರ್ಣಯಿಸುತ್ತದೆ. ಆದರೆ ಆ ಸಂಸ್ಥೆಯೇ ಪರೀಕ್ಷೆಗೆ ಕುಳಿತುಕೊಳ್ಳಬೇಕಾಗಿ ಬಂದಾಗ ಅದರ ಉತ್ತರಪತ್ರಿಕೆಯನ್ನು ಯಾರು ಬರೆಯಬೇಕು, ಯಾರು ತಿದ್ದಬೇಕು, ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬ ಪ್ರಶ್ನೆಗಳು ಸುಲಭವಾದವುಗಳಲ್ಲ. ಈ ಪ್ರಶ್ನೆಗಳನ್ನು ಒಂದು ಶತಮಾನದಷ್ಟು ಕಾಲ ಎದುರಿಸುತ್ತ ಬಂದಿರುವ ವಿದ್ಯಾಶಾಖೆಗಳಲ್ಲಿ ಗ್ರಂಥಾಲಯ ವಿಜ್ಞಾನವೂ ಒಂದು. ಅಮೆರಿಕದಲ್ಲಿ ಆ ಶಾಖೆಯ ಸ್ನಾತಕೋತ್ತರ ಶಿಕ್ಷಣವು ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ ಎಲ್ಲ ಬಗೆಯ ಶಾಲೆ ಕಾಲೇಜುಗಳಿಗೂ ಉಪಯುಕ್ತವಾದ ವಿಚಾರಗಳು ದೊರೆಯುತ್ತವೆ.

ದಶಮಾಂಶ ವರ್ಗೀಕರಣದಿಂದ ಹೆಸರಾದ ಮೆಲ್ವಿಲ್ ಡ್ಯೂಯಿಯವರು 1887ರ ಜನವರಿಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಅಮೆರಿಕದ ಮೊದಲ ಗ್ರಂಥಾಲಯ ಶಾಲೆಯನ್ನು ತೆರೆದರು. ಮೊದಲ ತಂಡದ 20 ವಿದ್ಯಾರ್ಥಿಗಳಲ್ಲಿ 17 ಮಂದಿ ಮಹಿಳೆಯರು. ಸ್ತ್ರೀಯರ ಪ್ರವೇಶವನ್ನು ಕಾಲೇಜಿನ ಆಡಳಿತ ಮಂಡಳಿಯು ಒಪ್ಪದೆ ಹೋದುದರಿಂದ ತರಗತಿಗಳು ಉಗ್ರಾಣದ ಕೋಣೆಯೊಂದರಲ್ಲಿ ನಡೆಯಬೇಕಾಯಿತು. ಎರಡೇ ವರ್ಷಗಳಲ್ಲಿ, 1889ರಲ್ಲಿ, ಶಾಲೆಯು ಆಲ್ಬನಿ ನಗರಕ್ಕೆ ಸ್ಥಳಾಂತರವಾಯಿತು. ಸೂಚಿಪತ್ರಗಳನ್ನು ಕೈಯಿಂದಲೇ ಬರೆಯುತ್ತಿದ್ದ ಆ ಕಾಲದಲ್ಲಿ ದುಂಡಾದ, ಸ್ಪಷ್ಟವಾದ ಕೈಬರಹವೂ ಪಾಠದ ಒಂದು ಭಾಗವಾಗಿತ್ತು. ಅಂದಿನ ಅವಶ್ಯಕತೆಗೆ ಅದು ಸರಿಯಾದ ಪಾಠವೇ. ಆದರೆ ಅವಶ್ಯಕತೆಯು ಬದಲಾದ ಮೇಲೂ ಪಾಠವು ಬದಲಾಗದಿದ್ದರೆ ಅದನ್ನು ಎತ್ತಿ ತೋರಿಸುವವರು ಬೇಕಾಗುತ್ತಾರೆ.

ಆ ಕೆಲಸವನ್ನು ನಿರ್ದಾಕ್ಷಿಣ್ಯವಾಗಿ ಮಾಡಿದವರು ಚಾರ್ಲ್ಸ್ ವಿಲಿಯಮ್ಸನ್. ಕಾರ್ನೆಗಿ ದತ್ತಿಸಂಸ್ಥೆಯ ಅಪೇಕ್ಷೆಯಂತೆ ಅವರು ಅಂದಿನ 15 ಗ್ರಂಥಾಲಯ ಶಾಲೆಗಳನ್ನು ಪರಿಶೀಲಿಸಿ ಬರೆದ ವರದಿಯು 1923ರಲ್ಲಿ ಪ್ರಕಟವಾಯಿತು. ಗುಮಾಸ್ತಗಿರಿಯ ಕೆಲಸವನ್ನೂ ವಿದ್ವತ್ತನ್ನು ಬೇಡುವ ಕೆಲಸವನ್ನೂ ಈ ಶಾಲೆಗಳು ಬೇರ್ಪಡಿಸಿಲ್ಲವೆಂದೂ, ಅಧ್ಯಾಪಕರಲ್ಲಿ ಅನೇಕರು ಸ್ವತಃ ಪದವೀಧರರಲ್ಲವೆಂದೂ, ಈ ಶಿಕ್ಷಣವು ವಿಶ್ವವಿದ್ಯಾಲಯಗಳ ಆಶ್ರಯದಲ್ಲಿ ನಡೆಯತಕ್ಕದ್ದೆಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಹಣವನ್ನು ಕೊಟ್ಟ ಸಂಸ್ಥೆಯೇ ಹೀಗೆ ಕಹಿಸತ್ಯವನ್ನು ಬಯಸಿ ಬರೆಯಿಸಿದುದು ಗಮನಾರ್ಹ. ಮರುವರ್ಷವೇ ಅಮೆರಿಕನ್ ಗ್ರಂಥಾಲಯ ಸಂಘವು ಶಿಕ್ಷಣ ಮಂಡಳಿಯೊಂದನ್ನು ಸ್ಥಾಪಿಸಿ ಶಾಲೆಗಳಿಗೆ ಮಾನ್ಯತೆ ಕೊಡುವ ಕಾರ್ಯವನ್ನು ಕೈಗೊಂಡಿತು. 1951ರ ಮಾನದಂಡಗಳು ಸ್ನಾತಕೋತ್ತರ ಮಟ್ಟದ ಶಿಕ್ಷಣವನ್ನೇ ಗ್ರಂಥಪಾಲ ವೃತ್ತಿಯ ಬುನಾದಿಯಾಗಿ ನಿಲ್ಲಿಸಿದವು. 1956ರಿಂದ ಈ ಹೊಣೆಯು ಸಂಘದ ಮಾನ್ಯತಾ ಸಮಿತಿಯ ಮೇಲಿದೆ.

ಈ ವ್ಯವಸ್ಥೆಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ. ಇಲ್ಲಿ ಮಾನ್ಯತೆಯು ಇಡೀ ವಿಶ್ವವಿದ್ಯಾಲಯಕ್ಕಲ್ಲ, ಪದವಿಯನ್ನು ಪಡೆದ ವ್ಯಕ್ತಿಗೂ ಅಲ್ಲ. ಸ್ನಾತಕೋತ್ತರ ಶಿಕ್ಷಣಕ್ರಮಕ್ಕೆ ಮಾತ್ರ. ಸಾಮಾನ್ಯವಾಗಿ ಏಳು ವರ್ಷಗಳಿಗೊಮ್ಮೆ ಆ ಶಿಕ್ಷಣಕ್ರಮವು ತನ್ನನ್ನು ತಾನೇ ಅಧ್ಯಯನ ಮಾಡಿಕೊಂಡು ವಿಸ್ತಾರವಾದ ವರದಿಯನ್ನು ಸಿದ್ಧಪಡಿಸಬೇಕು. ಯೋಜನೆ, ಪಠ್ಯಕ್ರಮ, ಅಧ್ಯಾಪಕ ವರ್ಗ, ವಿದ್ಯಾರ್ಥಿಗಳು, ಆಡಳಿತ ಹಾಗೂ ಸಂಪನ್ಮೂಲ ಇವೆಲ್ಲವೂ ಅದರಲ್ಲಿ ಬರತಕ್ಕದ್ದು. ಹಳೆಯ ವಿದ್ಯಾರ್ಥಿಗಳ ಮತ್ತು ಅವರಿಗೆ ಕೆಲಸ ಕೊಟ್ಟವರ ಅಭಿಪ್ರಾಯಗಳಿಗೂ ಅಲ್ಲಿ ಬೆಲೆಯುಂಟು. ಬಳಿಕ ಬೇರೆ ಶಾಲೆಗಳ ಅಧ್ಯಾಪಕರೂ ಅನುಭವಸ್ಥ ಗ್ರಂಥಪಾಲರೂ ಇರುವ ತಂಡವು ಬಂದು, ವರದಿಯಲ್ಲಿ ಹೇಳಿದುದು ನಡೆವಳಿಕೆಯಲ್ಲಿ ಇದೆಯೇ ಎಂದು ಪರಿಶೀಲಿಸುತ್ತದೆ. ಕೊನೆಯ ತೀರ್ಮಾನವನ್ನು ಕೈಗೊಳ್ಳುವ ಸಮಿತಿಯಲ್ಲಿ ವೃತ್ತಿಗೆ ಸೇರದ ಸಾರ್ವಜನಿಕ ಪ್ರತಿನಿಧಿಗಳಿಗೂ ಸ್ಥಾನವಿದೆ. ಕೊರತೆಗಳು ಗಂಭೀರವಾಗಿದ್ದರೆ ಷರತ್ತಿನ ಮೇಲೆ ಮಾನ್ಯತೆಯು ಮುಂದುವರಿಯುತ್ತದೆ. ತಿದ್ದಿಕೊಳ್ಳದಿದ್ದರೆ ಅದು ರದ್ದಾಗುತ್ತದೆ.

1992ರ ಮಾನದಂಡಗಳಲ್ಲಿ ಒಂದು ಮುಖ್ಯ ವಿಚಾರವು ಇನ್ನಷ್ಟು ದೃಢವಾಯಿತು. ಎಷ್ಟು ಕೋಣೆಗಳಿವೆ, ಎಷ್ಟು ಗ್ರಂಥಗಳಿವೆ ಎಂಬ ಲೆಕ್ಕಕ್ಕಿಂತ, ಶಾಲೆಯು ತಾನೇ ಸಾರಿಕೊಂಡ ಧ್ಯೇಯವನ್ನು ಎಷ್ಟರಮಟ್ಟಿಗೆ ಸಾಧಿಸಿದೆ, ಅದರ ವಿದ್ಯಾರ್ಥಿಗಳು ನಿಜವಾಗಿ ಏನನ್ನು ಕಲಿತಿದ್ದಾರೆ ಎಂಬುದೇ ಪ್ರಧಾನವಾಯಿತು. ಇದು ಮೇಲುನೋಟಕ್ಕೆ ಉದಾರವಾಗಿ ಕಂಡರೂ ವಾಸ್ತವದಲ್ಲಿ ಹೆಚ್ಚು ಕಠಿಣವಾದ ಪರೀಕ್ಷೆ. ಕಪಾಟುಗಳನ್ನು ಕೊಂಡು ತರಬಹುದು; ಸಾಧನೆಯನ್ನು ಕೊಂಡು ತರಲಾಗದು.

ಈ ವ್ಯವಸ್ಥೆಗೆ ಆಕ್ಷೇಪಗಳೂ ಉಂಟು. ವರದಿಯ ಸಿದ್ಧತೆಯಲ್ಲಿ ಅಧ್ಯಾಪಕರ ಅಮೂಲ್ಯ ಸಮಯವು ವ್ಯಯವಾಗುತ್ತದೆ; ಸಣ್ಣ ಶಾಲೆಗಳಿಗೆ ಅದರ ಖರ್ಚು ಭಾರ; ಕೊರತೆಗಳನ್ನು ಒಪ್ಪಿಕೊಂಡರೆ ಮಾನ್ಯತೆಗೇ ಧಕ್ಕೆ ಬಂದೀತೆಂಬ ಭಯದಿಂದ ಬರಹವು ಪ್ರಶಂಸೆಯ ಮಾಲೆಯಾಗುವ ಅಪಾಯವೂ ಇದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಮಾನ್ಯತೆಯು ಶಾಲೆಯ ಆಯುಷ್ಯಕ್ಕೆ ಭರವಸೆಯಲ್ಲ. ಗ್ರಂಥಾಲಯ ವಿಜ್ಞಾನದಲ್ಲಿ ಸಂಶೋಧನೆಗೆ ಭದ್ರವಾದ ತಳಹದಿಯನ್ನು ಹಾಕಿದ ಷಿಕಾಗೋ ವಿಶ್ವವಿದ್ಯಾಲಯದ ಶಾಲೆಯು 1980ರ ದಶಕದ ಕೊನೆಯಲ್ಲಿ ಮುಚ್ಚಿಹೋಯಿತು. 1926ರಲ್ಲಿ ಕೊಲಂಬಿಯಾಕ್ಕೆ ಮರಳಿದ್ದ ಡ್ಯೂಯಿಯವರ ಶಾಲೆಯು 1992ರಲ್ಲಿ ಕೊನೆಗೊಂಡಿತು. ಕಪ್ಪು ಜನಾಂಗದ ಅಸಂಖ್ಯ ಗ್ರಂಥಪಾಲರನ್ನು ತರಬೇತುಗೊಳಿಸಿದ, 1941ರಲ್ಲಿ ಆರಂಭವಾದ ಅಟ್ಲಾಂಟಾದ ಶಾಲೆಯು 2005ರಲ್ಲಿ ಮುಚ್ಚಿತು. ಅರ್ಹತೆಯಿದ್ದರೂ ಆಶ್ರಯ ಕೊಟ್ಟ ವಿಶ್ವವಿದ್ಯಾಲಯದ ಮನಸ್ಸು ಮತ್ತು ಬೊಕ್ಕಸ ಒಲಿಯದಿದ್ದರೆ ಶಾಲೆಯು ಉಳಿಯದು.

ಹಾಗಾದರೆ ಈ ಶ್ರಮವೆಲ್ಲ ವ್ಯರ್ಥವೇ? ಹಾಗೆ ತಿಳಿಯುವುದು ತಪ್ಪಾಗುತ್ತದೆ. ಮಾನ್ಯತೆಯ ಪತ್ರವನ್ನು ಗೋಡೆಗೆ ತೂಗುಹಾಕಬಹುದು. ಅದರ ಹಿಂದಿನ ಆತ್ಮಪರೀಕ್ಷೆಯಿಂದ ಬರುವ ತಿಳಿವಳಿಕೆಯು ತರಗತಿಗೆ ಹೋಗಿ ತಲುಪಬೇಕು. ಹಳೆಯ ಸೂಚೀಕರಣದ ಪಾಠಕ್ಕೆ ಎಷ್ಟು ಅವಧಿಗಳು ಸಲ್ಲುತ್ತಿವೆ, ಗಣಕಯಂತ್ರದ ದತ್ತಾಂಶಗಳ ನಿರ್ವಹಣೆಗೆ ಎಷ್ಟು, ಓದು ಬಾರದವನು ಗ್ರಂಥಾಲಯಕ್ಕೆ ಬಂದರೆ ಅವನನ್ನು ಕಾಣುವ ರೀತಿಯನ್ನು ಯಾರು ಕಲಿಸುತ್ತಾರೆ ಎಂದು ಅಧ್ಯಾಪಕರು ಒಟ್ಟಾಗಿ ಕುಳಿತು ಕೇಳಿಕೊಳ್ಳುವಂತೆ ಮಾಡುವುದೇ ಈ ವ್ಯವಸ್ಥೆಯ ಸಾರ್ಥಕತೆ. ಹೊರಗಿನ ತಂಡವು ಮೂರು ದಿನಗಳಲ್ಲಿ ಕಾಣಲಾರದುದನ್ನು ಒಳಗಿನವರು ಮೂವತ್ತು ವರ್ಷಗಳಿಂದ ಕಂಡಿರುತ್ತಾರೆ. ಅದನ್ನು ಬರೆಯುವ ಧೈರ್ಯ ಅವರಿಗೆ ಇರಬೇಕು. ಬರೆದವರನ್ನು ದಂಡಿಸದ ಔದಾರ್ಯವು ಆಡಳಿತಕ್ಕೆ ಇರಬೇಕು.

ಕನ್ನಡ ನಾಡಿಗೂ ಈ ವಿಷಯಕ್ಕೂ ನಿಕಟ ಸಂಬಂಧವಿದೆ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ಬೆಂಗಳೂರಿನಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಅದೇ ನಗರದಲ್ಲಿ ಅವರು ನಿಧನರಾದರು. ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕಾಗಿ ಕೊಟ್ಟ ದಾನಿಗಳೂ ಅವರೇ. 1994ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತಿನ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲಿಯೇ ಇದೆ. ಅಲ್ಲಿಯೂ ಸ್ವಯಂ ಅಧ್ಯಯನದ ವರದಿಯು ಒಂದು ಮುಖ್ಯ ಮೆಟ್ಟಿಲು. ಆದರೆ ಆ ಪರಿಷತ್ತು ತೂಗುವುದು ಇಡೀ ಸಂಸ್ಥೆಯನ್ನು. ದೊಡ್ಡ ಸಂಸ್ಥೆಯ ಒಟ್ಟು ಶ್ರೇಣಿಯ ನೆರಳಿನಲ್ಲಿ ಒಂದು ಚಿಕ್ಕ ವಿಭಾಗದ ಬಡತನವು ಮರೆಯಾಗಬಹುದು. ಆದುದರಿಂದ ಗ್ರಂಥಾಲಯ ವಿಜ್ಞಾನದ ವಿಭಾಗಗಳು ಯಾರೂ ಕೇಳದಿದ್ದರೂ ತಮ್ಮ ಲೆಕ್ಕವನ್ನು ತಾವೇ ತೆಗೆದು ನೋಡುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಹಿತಕರ.

ಹಾಗೆ ನೋಡುವಲ್ಲಿ ಮೂವರಿಗೂ ಪಾತ್ರವಿದೆ. ಅಧ್ಯಾಪಕರು ತಮ್ಮ ಪಾಠದ ಕೊರತೆಯನ್ನು ಹೇಳಬೇಕು. ಹಳೆಯ ವಿದ್ಯಾರ್ಥಿಗಳು ಕಲಿತುದರಲ್ಲಿ ಬದುಕಿಗೆ ಒದಗಿದುದೇನು, ಒದಗದೆ ಹೋದುದೇನು ಎಂಬುದನ್ನು ಸಂಕೋಚವಿಲ್ಲದೆ ತಿಳಿಸಬೇಕು. ದಾನಿಗಳು ಕಟ್ಟಡದ ಫಲಕದಷ್ಟೇ ಆಸಕ್ತಿಯಿಂದ ವರದಿಯ ದೋಷಗಳ ಪುಟವನ್ನೂ ಓದಬೇಕು. ದೋಷಗಳ ಪುಟವಿಲ್ಲದ ವರದಿಯು ಬಂದರೆ ಅದನ್ನು ಹಿಂದಿರುಗಿಸಿ, ಇನ್ನೊಮ್ಮೆ ಬರೆದು ತರುವಂತೆ ಕೇಳುವುದು ಅವರ ಹಕ್ಕು, ಕರ್ತವ್ಯವೂ ಹೌದು.