ಕಾಳು ಹೊರಲು ಬಂದ ರೈಲು, ರೊಟ್ಟಿ ಮರೆತ ಅಡುಗೆಮನೆ

ವಿಜಯಪುರಕ್ಕೆ ರೈಲು ಬಂದದ್ದು ಹಸಿವಿನ ಬೆನ್ನಿಗೆ. 1876–78ರ ಬರದಲ್ಲಿ ವಿಜಯಪುರ ಸೇರಿದ್ದ ಅಂದಿನ ಕಲಾದಗಿ ಜಿಲ್ಲೆಯ ಊರೂರೇ ಬರಿದಾದವು. ಬೇರೆಡೆ ಕಾಳು ಇದ್ದರೂ ಅದನ್ನು ಇಲ್ಲಿಗೆ ಎಳೆದು ತರುವ ಎತ್ತುಗಳಿಗೆ ಮೇವಿರಲಿಲ್ಲ. ಮುಂದೆ ಇಂಥ ಸ್ಥಿತಿ ಬಂದರೆ ಧಾನ್ಯ ಸಾಗಿಸಲು ದಾರಿ ಇರಬೇಕೆಂಬ ಲೆಕ್ಕಾಚಾರದಲ್ಲೇ ಸದರ್ನ್ ಮರಾಠಾ ರೈಲ್ವೆ ಸೊಲ್ಲಾಪುರ ಬಳಿಯ ಹೋಟಗಿಯಿಂದ ಗದಗದವರೆಗೆ ಮೀಟರ್ ಗೇಜ್ ಹಳಿ ಹಾಸಿತು. 1884ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಹಳಿ ಈಗ ಬ್ರಾಡ್ ಗೇಜ್ ಆಗಿದೆ, 284 ಕಿಲೋಮೀಟರ್ ಮಾರ್ಗದ ಜೋಡಿಹಳಿ ಯೋಜನೆಯೂ ನಡೆದುಬಂದಿದೆ. ಆದರೆ ಜನರಿಗೆ ಅನ್ನ ತಲುಪಿಸಲೆಂದು ಹುಟ್ಟಿದ ಈ ದಾರಿಯಲ್ಲಿ ಪ್ರಯಾಣಿಕನ ಊಟದ ವಿಚಾರ ಮಾತ್ರ ಯಾರ ಗಂಭೀರ ಚಿಂತನೆಗೂ ಬಂದಿಲ್ಲ.

ಇಲ್ಲಿಂದ ಬೆಂಗಳೂರಿಗೆ ಒಂದು ಇಡೀ ರಾತ್ರಿಯ ಪ್ರಯಾಣ. ಗೋಲಗುಂಬಜ್ ಎಕ್ಸ್‌ಪ್ರೆಸ್ ಗದಗ, ಹುಬ್ಬಳ್ಳಿ ಮೂಲಕ ಹೋದರೆ, ಬಸವ ಎಕ್ಸ್‌ಪ್ರೆಸ್ ಸೊಲ್ಲಾಪುರ, ಕಲಬುರಗಿ, ರಾಯಚೂರು ಸುತ್ತಿ ಹೋಗುತ್ತದೆ. ಮಂಗಳೂರಿನ ರೈಲಿನಲ್ಲಿ ಕೂಲಿಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಇರುತ್ತಾರೆ. ತಿಕೋಟಾ, ಬಬಲೇಶ್ವರದವರಿಗೆ ಪ್ರಯಾಣ ರೈಲು ಹತ್ತುವುದಕ್ಕಿಂತ ಮೊದಲೇ ಶುರುವಾಗುತ್ತದೆ. ಆ ಎರಡೂ ತಾಲ್ಲೂಕು ಕೇಂದ್ರಗಳಿಗೆ ಹಳಿ ಇಲ್ಲ. ಅಥಣಿ ಮೂಲಕ ಶೇಡಬಾಳಕ್ಕೆ ಹೊಸ ಮಾರ್ಗ ಬೇಕೆಂಬ ಬೇಡಿಕೆ ಎಷ್ಟೋ ವರ್ಷಗಳಿಂದ ಬೇಡಿಕೆಯಾಗಿಯೇ ಉಳಿದಿದೆ. ಮಧ್ಯಾಹ್ನ ಮನೆ ಬಿಟ್ಟು ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು, ನಿಲ್ದಾಣದಲ್ಲಿ ತಾಸುಗಟ್ಟಲೆ ಕೂತು ರೈಲು ಹತ್ತುವ ಕುಟುಂಬಕ್ಕೆ ರಾತ್ರಿ ಊಟ, ಮರುದಿನದ ಬೆಳಗಿನ ತಿಂಡಿ ಎರಡೂ ದಾರಿಯ ಮೇಲೆಯೇ ಆಗಬೇಕು. ಅದಕ್ಕೇ ಈ ಭಾಗದ ಜನ ಬುತ್ತಿ ಕಟ್ಟದೆ ರೈಲು ಹತ್ತುವುದಿಲ್ಲ.

ಆ ಬುತ್ತಿಯೊಳಗೆ ಏನಿರುತ್ತದೆ ಎಂಬುದನ್ನು ರೈಲ್ವೆಯ ಅಡುಗೆ ವಿಭಾಗ ಒಮ್ಮೆಯಾದರೂ ಬಿಚ್ಚಿ ನೋಡಬೇಕಿತ್ತು. ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಅಥವಾ ಅಗಸಿ ಹಿಂಡಿ, ಕೆಂಪು ಖಾರ, ಒಂದೆರಡು ಉಳ್ಳಾಗಡ್ಡಿ, ಅನುಕೂಲವಿದ್ದರೆ ಗಟ್ಟಿ ಮೊಸರು. ಮೊದಲ ಊಟಕ್ಕೆ ಎಣ್ಣೆಗಾಯಿ ಪಲ್ಯ. ಮರುದಿನಕ್ಕೆ ಒಣ ಹಿಂಡಿ. ಬಿಸಿ ಮಾಡುವ ಹಂಗಿಲ್ಲ, ತಂಪಿನ ಪೆಟ್ಟಿಗೆಯ ಅಗತ್ಯವಿಲ್ಲ, ಚೆಲ್ಲುವ ಸಾರಿಲ್ಲ, ಹಳಸುವ ಭಯವಿಲ್ಲ. ಹಂಚಿನ ಮೇಲೆ ಬೆಂದು ತೇವವೆಲ್ಲ ಆರಿದ ರೊಟ್ಟಿ ದಿನಗಟ್ಟಲೆ ಅಲ್ಲ, ವಾರಗಟ್ಟಲೆ ತಾಳುತ್ತದೆ. ನೀರು ಕಡಿಮೆ ಇರುವ, ಹೊಲ ದೂರ ಇರುವ ನಾಡು ತನ್ನ ಅಗತ್ಯಕ್ಕೆ ರೂಪಿಸಿಕೊಂಡ ಊಟವಿದು. ದೂರ ಪ್ರಯಾಣದ ರೈಲಿಗೆ ಇದಕ್ಕಿಂತ ಹೊಂದುವ ಆಹಾರ ದೇಶದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಈಗ ರೈಲ್ವೆ ಕೊಡುವುದನ್ನು ನೋಡಿ. 2019ರ ದರಪಟ್ಟಿಯಂತೆ ರೈಲಿನೊಳಗೆ 80 ರೂಪಾಯಿಯ ಸಸ್ಯಾಹಾರಿ ಊಟವೆಂದರೆ 150 ಗ್ರಾಂ ಅನ್ನ, ಚಪಾತಿ ಅಥವಾ ಪರಾಠ, ಬೇಳೆ ಅಥವಾ ಸಾಂಬಾರು, ಪಲ್ಯ, 80 ಗ್ರಾಂ ಮೊಸರು, ಉಪ್ಪಿನಕಾಯಿ. ಎಲ್ಲೋ ದೊಡ್ಡ ಅಡುಗೆಮನೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಡಬ್ಬಿ ಮುಚ್ಚಿ, ರೈಲಿಗೆ ಏರಿಸಿ, ಗಂಟೆಗಳ ನಂತರ ಹಂಚುವ ಪದಾರ್ಥಗಳು ಇವು. ಮುಚ್ಚಿದ ಬಿಸಿ ಅನ್ನ, ತೇವದ ಬೇಳೆ, ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಬಯಲು ಇವು ಮೂರೂ ಸೇರಿದಲ್ಲಿ ಊಟ ಕೆಡಲು ಯಾರ ದುರುದ್ದೇಶವೂ ಬೇಕಾಗಿಲ್ಲ, ತಡವಾದರೆ ಸಾಕು. 2017ರಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ 74 ನಿಲ್ದಾಣ, 80 ರೈಲುಗಳನ್ನು ಪರಿಶೀಲಿಸಿ, ತಿನ್ನಲು ಯೋಗ್ಯವಲ್ಲದ ಪದಾರ್ಥ, ಅವಧಿ ಮೀರಿದ ಪೊಟ್ಟಣಗಳ ಬಗ್ಗೆ ಕಟುವಾಗಿ ಬರೆದಿತ್ತು. ಆ ವರ್ಷವೇ ಹೊಸ ನೀತಿ ಬಂತು. ಅಡುಗೆ ಮಾಡುವ ಹೊಣೆ ಬೇರೆ, ಬಡಿಸುವ ಹೊಣೆ ಬೇರೆ ಎಂದಾಯಿತು. 2005ರಿಂದೀಚೆಗೆ ನೀತಿ ಬದಲಾದದ್ದು ಅದು ಮೂರನೇ ಸಲ. ಊಟ ಯಾರು ಕೊಡಬೇಕು ಎಂಬ ಬಗ್ಗೆ ಇಷ್ಟೆಲ್ಲ ಚರ್ಚೆಯಾಗಿದೆ. ರೈಲಿಗೆ ಎಂಥ ಊಟ ತಕ್ಕದ್ದು ಎಂಬ ಚರ್ಚೆ ಅದರ ಹತ್ತನೇ ಒಂದು ಪಾಲೂ ಆಗಿಲ್ಲ.

ಬಡವರ ಊಟದ ಕಥೆಯೂ ಇದೇ. 2023ರಲ್ಲಿ ಜನರಲ್ ಡಬ್ಬಿಗಳ ಎದುರು ಪ್ಲಾಟ್‌ಫಾರ್ಮಿನಲ್ಲೇ 20 ರೂಪಾಯಿಗೆ ಊಟ ಮಾರುವ ವ್ಯವಸ್ಥೆಯನ್ನು ಕೆಲವು ನಿಲ್ದಾಣಗಳಲ್ಲಿ ಆರಂಭಿಸಲಾಯಿತು. ನಾನು ಮನಸಾರೆ ಸ್ವಾಗತಿಸಿದ ಯೋಜನೆಯದು. ಜನರಲ್ ಡಬ್ಬಿಯವನಿಗೆ ಊಟ ಅವನ ಕಿಟಕಿಯ ಬಳಿಯೇ ಸಿಗಬೇಕೆಂಬ ತಿಳಿವಳಿಕೆ ರೈಲ್ವೆಗೆ ಬಂದದ್ದು ದೊಡ್ಡ ಮಾತು. ಆದರೆ ಪೊಟ್ಟಣದಲ್ಲಿ ಏನಿದೆ? ಏಳು ಪೂರಿ, ಆಲೂಗಡ್ಡೆ ಪಲ್ಯ, ಉಪ್ಪಿನಕಾಯಿ. ಬಿಹಾರದ ನಿಲ್ದಾಣದಲ್ಲಿ ಇದು ಸರಿ. ಮೂರು ಹೊತ್ತೂ ಜೋಳ ತಿಂದು ಬೆಳೆದ, ಮರುದಿನ ಮಂಗಳೂರಿನಲ್ಲಿ ಕಲ್ಲು ಹೊರಬೇಕಾದ ಹಡಲಸಂಗದ ಹುಡುಗನಿಗೆ ಎಣ್ಣೆಯಲ್ಲಿ ಕರಿದ ಮೈದಾ-ಗೋಧಿಯೇ ಏಕೆ? ಅದೇ ಹಣಕ್ಕೆ ಎಷ್ಟು ರೊಟ್ಟಿ, ಎಷ್ಟು ಹಿಂಡಿ ಕೊಡಬಹುದು ಎಂದು ಲೆಕ್ಕ ಹಾಕಿ ನೋಡುವ ಕೆಲಸವನ್ನಾದರೂ ಮಾಡಬೇಡವೇ?

ಮೊಬೈಲಿನಲ್ಲಿ ಊಟ ತರಿಸಿಕೊಳ್ಳುವ ಇ-ಕೇಟರಿಂಗ್ ಇದೆಯಲ್ಲ ಎನ್ನುವವರಿದ್ದಾರೆ. 2014ರಿಂದ ಅದು ಇದೆ, ಬೆಳೆದಿದೆ, ಒಳ್ಳೆಯದೇ. ಅದಕ್ಕೆ ಪಿಎನ್‌ಆರ್ ಬೇಕು. ಕಾಯ್ದಿರಿಸದ ಟಿಕೆಟಿಗೆ ಪಿಎನ್‌ಆರ್ ಇಲ್ಲ. ನಿಂತೇ ಪ್ರಯಾಣ ಮಾಡುವವನಿಗೆ, ಅಂದರೆ ಊಟ ಹೊಂದಿಸಿಕೊಳ್ಳುವುದು ಎಲ್ಲರಿಗಿಂತ ಕಷ್ಟವಾಗಿರುವವನಿಗೆ, ಆ ಬಾಗಿಲು ಮುಚ್ಚಿದೆ.

ಇನ್ನೊಂದು ತುದಿಯಲ್ಲಿ ಗೋಲ್ಡನ್ ಚಾರಿಯಟ್ ಇದೆ. 2008ರಲ್ಲಿ ಶುರುವಾದ, ಎರಡು ಊಟದ ಡಬ್ಬಿಗಳಿರುವ ಈ ಐಷಾರಾಮಿ ರೈಲಿನ ಒಂದು ಡಬ್ಬಿಗೆ ಆದಿಲ್ ಶಾಹಿ ಎಂದೇ ಹೆಸರು. ಅದರ ಕರ್ನಾಟಕ ಪ್ರವಾಸ ಮಾತ್ರ ಆದಿಲ್ ಶಾಹಿಗಳ ವಿಜಯಪುರವನ್ನು ಪಟ್ಟಿಯಲ್ಲಿ ಸೇರಿಸಿಕೊಂಡಿಲ್ಲ. ಅದೊಂದು ಪ್ರವಾಸೋದ್ಯಮದ ಪ್ರಶ್ನೆ, ಪ್ರತ್ಯೇಕವಾಗಿ ಕೇಳಬೇಕಾದದ್ದು. ನನ್ನ ಕಾಳಜಿ ದಿನನಿತ್ಯದ ರೈಲಿನದು.

ದಾರಿ ಇಲ್ಲವೆಂದಲ್ಲ. 2022ರ ನವೆಂಬರಿನಲ್ಲಿ ರೈಲ್ವೆ ಇಲಾಖೆಯೇ ಪ್ರಾದೇಶಿಕ ತಿನಿಸು, ಸಿರಿಧಾನ್ಯದ ಖಾದ್ಯ, ಮಧುಮೇಹಿಗಳಿಗೆ ಹೊಂದುವ ಊಟಗಳನ್ನು ಪಟ್ಟಿಗೆ ಸೇರಿಸಲು ರೈಲಿನ ಊಟದ ಹೊಣೆ ಹೊತ್ತ ಐಆರ್‌ಸಿಟಿಸಿಗೆ ಸ್ವಾತಂತ್ರ್ಯ ಕೊಟ್ಟಿತು. ಜೋಳ ಈ ಮೂರೂ ಮಾತಿಗೆ ಹತ್ತಿರದ್ದು. ಅದೇ ವರ್ಷ ಬಂದ ‘ಒಂದು ನಿಲ್ದಾಣ ಒಂದು ಉತ್ಪನ್ನ’ ಯೋಜನೆಯಲ್ಲಿ ಸ್ಥಳೀಯ ಆಹಾರ ಪದಾರ್ಥಗಳಿಗೂ ಜಾಗವಿದೆ. ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ರೊಟ್ಟಿಗೆ ಊರಿನ ಹೆಸರನ್ನೇ ಕೊಟ್ಟು ಮಾರುಕಟ್ಟೆಗೆ ತಂದರು. 2025ರ ಜೂನ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೊ ಮಾತಿನಲ್ಲಿ ಅವರನ್ನು ನೆನೆದರು. ವಿಜಯಪುರದ ಓಣಿಗಳಲ್ಲಿ ರೊಟ್ಟಿ ಬಡಿದು ಸಂಸಾರ ತೂಗುವ ಹೆಣ್ಣುಮಕ್ಕಳಿಗೆ, ಖಾನಾವಳಿ ನಡೆಸುವವರಿಗೆ ಅದು ಅಸಾಧ್ಯವಾದ ಕೆಲಸವಲ್ಲ.

ಅಡ್ಡಿ ಇರುವುದು ಟೆಂಡರಿನಲ್ಲಿ. ರೈಲುಗಳನ್ನು ಗುಂಪುಗಟ್ಟಿ, ದಾರಿಯ ಅಡುಗೆಮನೆಗಳ ಸಮೇತ ವರ್ಷಗಳ ಗುತ್ತಿಗೆ ಕೊಡುವಾಗ ಠೇವಣಿ ಕಟ್ಟಬಲ್ಲವರು ದೊಡ್ಡ ಕಂಪನಿಗಳು ಮಾತ್ರ. ಅವರಿಗೆ ಎಲ್ಲೆಡೆ ಒಂದೇ ತೂಕ, ಒಂದೇ ಆಕಾರದ ಪದಾರ್ಥ ಬೇಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಬಿಸಿನೀರಲ್ಲಿ ನಾದಿ ಕೈಯಿಂದ ಬಡಿಯಬೇಕು. ರೊಟ್ಟಿ ಮೆತ್ತಗಿದ್ದರೆ ಕೆಲವೇ ತಾಸಿನಲ್ಲಿ ಬಿರುಸಾಗುತ್ತದೆ, ಕಡಕ್ ಆದರೆ ಸಾಗಣೆಯಲ್ಲಿ ಮುರಿಯುತ್ತದೆ. ಇವು ನಿಜವಾದ ತೊಡಕುಗಳು. ಆದರೆ ಮುರಿದ ರೊಟ್ಟಿಯನ್ನೂ ಮೊಸರಲ್ಲಿ ಕಲಸಿ ಉಣ್ಣುವ ಜನ ನಾವು. ಪೊಟ್ಟಣವನ್ನು ಎಣಿಕೆಯ ಬದಲು ತೂಕದಲ್ಲಿ ಮಾರಿದರೆ ತಕರಾರು ಮುಗಿಯಿತು. ರೊಟ್ಟಿಪೊಟ್ಟಣ ಮಾತ್ರ ಪೂರೈಸುವ ಸಣ್ಣ ಪರವಾನಗಿಯನ್ನು ದೊಡ್ಡ ಗುತ್ತಿಗೆಯಿಂದ ಬೇರ್ಪಡಿಸಿ, ಆಹಾರ ಸುರಕ್ಷತಾ ನೋಂದಣಿ ಇರುವ ಮಹಿಳಾ ಸಂಘಗಳಿಗೆ ಕೊಡಬೇಕು.

ಅದರ ಜೊತೆಗೊಂದು ಹಿಡಿ ಒಣದ್ರಾಕ್ಷಿ ಸೇರಲಿ. ಕೃಷ್ಣೆಯ ನೀರು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಮೇಲೇರಿದ ಮೇಲೆ ಬರಕ್ಕೆ ಹೆಸರಾಗಿದ್ದ ನೆಲ ಬದಲಾಗಿದೆ. ತಿಕೋಟಾ ಸುತ್ತಲಿನ ತೋಟಗಳ ಪಕ್ಕದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳ ಸಾಲು ಕಾಣುತ್ತದೆ. ಆ ಮಾಲು ಬಹಳಷ್ಟು ಸಾಂಗ್ಲಿ, ತಾಸಗಾಂವ ಪೇಟೆಯ ದರಕ್ಕೆ ಕೈಯೊಡ್ಡಿ ನಿಲ್ಲುತ್ತದೆ. ಐವತ್ತು ಗ್ರಾಂ ಪೊಟ್ಟಣಗಳು ದಿನವೂ ರೈಲಿನಲ್ಲಿ ಖರ್ಚಾದರೆ ಬೆಳೆಗಾರನಿಗೆ ಮನೆ ಬಾಗಿಲಲ್ಲೇ ಇನ್ನೊಬ್ಬ ಗಿರಾಕಿ ಸಿಕ್ಕಂತೆ.

ವಿಜಯಪುರ ನಿಲ್ದಾಣ ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗಕ್ಕೆ ಸೇರಿದೆ. ವಿಭಾಗದ ಬಳಕೆದಾರರ ಸಲಹಾ ಸಮಿತಿಯಲ್ಲಿ ಹೊಸ ರೈಲು, ನಿಲುಗಡೆ, ವೇಳೆಯ ಬೇಡಿಕೆಗಳ ಜೊತೆ ಈ ವಿಷಯವನ್ನೂ ಲಿಖಿತವಾಗಿ ಇಡಬೇಕು: ಜನರಲ್ ಡಬ್ಬಿಗಳು ನಿಲ್ಲುವ ಜಾಗದ ಎದುರಿಗೆ ಒಂದು ಮೇಜು, ಅದರ ಮೇಲೆ ರೊಟ್ಟಿ, ಹಿಂಡಿ, ದ್ರಾಕ್ಷಿಯ ಪೊಟ್ಟಣ, ಪಕ್ಕದಲ್ಲಿ ಕುಡಿಯುವ ನೀರಿನ ನಲ್ಲಿ. ಆರು ತಿಂಗಳು ಪ್ರಯೋಗಕ್ಕೆ ನಡೆಸಿ, ಪೂರಿಯ ಪೊಟ್ಟಣ ಎಷ್ಟು ಹೋಯಿತು, ರೊಟ್ಟಿಯದು ಎಷ್ಟು ಹೋಯಿತು ಎಂಬ ಲೆಕ್ಕವನ್ನು ರೈಲ್ವೆ ಸಾರ್ವಜನಿಕವಾಗಿ ಪ್ರಕಟಿಸಲಿ.