ಮಕ್ಕಳ ಕಿವಿನೋವು

ನೆಗಡಿಯಾದ ಎಳೆಯ ಮಗುವಿಗೆ ಎರಡು ಮೂರು ದಿನಗಳ ಮೇಲೆ, ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲಿ, ಕಿವಿನೋವು ತೋರುವುದುಂಟು. ಮಾತು ಬಾರದ ಕೂಸಾದರೆ ಕಿವಿಯನ್ನು ಹಿಡಿದೆಳೆಯುತ್ತ, ಹಾಲನ್ನೊಲ್ಲದೆ, ಜ್ವರದಿಂದ ಅಳುತ್ತದೆ. ಆಗ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವುದು ನಮ್ಮ ಮನೆಗಳಲ್ಲಿ ಬಹುಕಾಲದ ವಾಡಿಕೆ. ಆ ಎಣ್ಣೆಯು ನೋವಿರುವ ಎಡೆಯನ್ನು ಮುಟ್ಟುವುದೇ ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಹೊರಗಿವಿಗೂ ನಡುಗಿವಿಗೂ ನಡುವೆ ತಮಟೆಯೆಂಬ ತೆಳುಪೊರೆ ಬಿಗಿದಿದೆ. ನಡುಗಿವಿಯಿಂದ ಮೂಗಿನ ಹಿಂಬದಿಗೆ ಒಂದು ನಾಳವುಂಟು. 16ನೆಯ ಶತಮಾನದಲ್ಲಿ ಅದನ್ನು ವರ್ಣಿಸಿದ ಇಟಲಿಯ ವೈದ್ಯ ಯೂಸ್ಟೇಕಿಯಸನ ಹೆಸರೇ ಅದಕ್ಕೆ ನಿಂತಿದೆ. ಮಕ್ಕಳಲ್ಲಿ ಈ ನಾಳವು ಗಿಡ್ಡವಾಗಿಯೂ ಹೆಚ್ಚು ಅಡ್ಡಲಾಗಿಯೂ ಇರುವುದರಿಂದ ರೋಗಾಣುಗಳು ಮೂಗಿನಿಂದ ಸುಲಭವಾಗಿ ನಡುಗಿವಿಯನ್ನು ಸೇರುತ್ತವೆ. ನಾಳವು ಊದಿ ಮುಚ್ಚಿಕೊಂಡು, ಒಳಗೆ ಕೀವು ತುಂಬಿ ತಮಟೆಯನ್ನು ಒತ್ತುವುದರಿಂದಲೇ ಆ ಅಸಹ್ಯ ನೋವು. ಎಣ್ಣೆಯಾದರೋ ತಮಟೆಯ ಈಚೆಗೇ ನಿಲ್ಲುತ್ತದೆ. ಬಿಸಿ ಹೆಚ್ಚಾದರೆ ಸುಡುತ್ತದೆ. ತಮಟೆ ಹರಿದಿದ್ದರೆ ಒಳಹೊಕ್ಕು ಕೇಡುಮಾಡುತ್ತದೆ.

ನೋವಿಗೆ ಮಗುವಿನ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲನ್ನು ಕೊಡಬಹುದು. ಅನೇಕ ಮಕ್ಕಳಿಗೆ ಎರಡು ಮೂರು ದಿನಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಆದರೆ 2 ವರ್ಷದೊಳಗಿನ ಕೂಸನ್ನು ವೈದ್ಯರಿಗೆ ತೋರಿಸತಕ್ಕದ್ದು. ಅವರು ರೋಗಾಣುನಾಶಕ ಔಷಧವನ್ನು ಕೊಟ್ಟರೆ, ನೋವು ನಿಂತಿತೆಂದು ನಡುವೆ ಬಿಡಕೂಡದು.

ನಾವು ಒತ್ತಿ ಹೇಳಬೇಕಾದ ಮಾತೊಂದುಂಟು. ತಮಟೆ ಹರಿದು ಕೀವು ಹೊರಬಂದೊಡನೆ ನೋವು ತಗ್ಗಿ ಮಗು ನಿದ್ರಿಸುತ್ತದೆ. ಮನೆಯವರು ರೋಗವೇ ಹೋಯಿತೆಂದು ನೆಮ್ಮದಿಗೊಳ್ಳುತ್ತಾರೆ. ಇದು ಸಲ್ಲದು. ಶುದ್ಧವಾದ ಹತ್ತಿಬಟ್ಟೆಯ ಬತ್ತಿಯಿಂದ ಕಿವಿಯನ್ನು ಆಗಾಗ ಒಣಗಿಸಿ, ನೀರು ಹೋಗದಂತೆ ಕಾದು, ವೈದ್ಯರಲ್ಲಿಗೆ ಕರೆದೊಯ್ಯಬೇಕು. 14 ದಿನಗಳನ್ನು ಮೀರಿ ಸೋರುವ ಕಿವಿಯಲ್ಲಿ ರೋಗವು ಬೇರೂರಿ, ಶ್ರವಣಶಕ್ತಿಯನ್ನು ಕುಂದಿಸಬಹುದು. ಕಿವಿಯ ಹಿಂದೆ ಊದಿಕೊಂಡು ಕೆಂಪಾದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಎದೆಹಾಲು ಕುಡಿದು ಬೆಳೆಯುವ ಮಕ್ಕಳಿಗೆ ಈ ಬೇನೆ ಕಡಮೆ. ಮಲಗಿಸಿ ಸೀಸೆಯ ಹಾಲನ್ನು ಕುಡಿಸುವುದು, ಮನೆಯೊಳಗೆ ಬೀಡಿ ಸಿಗರೇಟುಗಳ ಹೊಗೆ, ಇವೆರಡೂ ವರ್ಜ್ಯ. ಈ ರೋಗವನ್ನುಂಟುಮಾಡುವ ಅಣುಗಳಲ್ಲಿ ಮುಖ್ಯವಾದ ನ್ಯೂಮೋಕಾಕಸ್ಸಿನ ಲಸಿಕೆಯು ನಮ್ಮ ದೇಶದ ಸರಕಾರಿ ಲಸಿಕೆಗಳಲ್ಲಿ 2017ರಲ್ಲಿ ಸೇರಿ, 2021ರಲ್ಲಿ ಎಲ್ಲ ಪ್ರಾಂತಗಳಿಗೂ ವ್ಯಾಪಿಸಿತು. ಅದನ್ನು ಹಾಕಿಸಲು ಮರೆಯಬಾರದು.

ಮಗುವು ಮಾತನ್ನು ಕಲಿಯುವುದು ಕಿವಿಯಿಂದ. ‘ಮಕ್ಕಳ ಕಿವಿ ಸೋರುವುದು ಸಹಜ, ದೊಡ್ಡವರಾದರೆ ಹೋಗುತ್ತದೆ’ ಎಂಬ ಮಾತು ಇನ್ನು ನಮ್ಮ ಮನೆಗಳಲ್ಲಿ ಕೇಳಿಬರದಿರಲಿ.