ಹೋಟೆಲಿನ ಎಲೆ, ಹೊಲದ ಗೊಬ್ಬರ

ಕರ್ನಾಟಕ ಸರ್ಕಾರವು 2016ರ ಮಾರ್ಚ್ ತಿಂಗಳಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ ನಿಯಮದಂತೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿವೆ. ಇವು ಪೇಟೆಯ ಹೋಟೆಲಿನವರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ರೈತರು ಸುಮ್ಮನಿರುವಂತಿಲ್ಲ. ಪೇಟೆಯ ಎಂಜಲೆಲೆ, ಹಸಿಕಸಗಳೇ ಕಾಂಪೋಸ್ಟ್ ಆಗಿ ನಮ್ಮ ಹೊಲಕ್ಕೆ ಬರುತ್ತವೆ.

ಈಗ 'ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್' ಎಂಬ ಹೊಸ ಸರಕು ಬಂದಿದೆ. ಐಎಸ್ 17088 ಮಾನಕಕ್ಕೆ ಹೊಂದಿಕೊಂಡು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿದ್ದರೆ ಅದಕ್ಕೆ ಅವಕಾಶವುಂಟು. ಆದರೆ ಅದರ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ. ಅಷ್ಟು ಬಿಸಿ ನಮ್ಮ ತಿಪ್ಪೆಗುಂಡಿಯಲ್ಲಿ ಬಹುದಿನ ನಿಲ್ಲುವುದಿಲ್ಲ. ಸಾಮಾನ್ಯ ಪ್ಲಾಸ್ಟಿಕ್ಕಿಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣುವುದೂ ಕಷ್ಟ. ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಪೊರೆ ಇರುತ್ತದೆ.

ರಸಗೊಬ್ಬರ (ನಿಯಂತ್ರಣ) ಆದೇಶ, 1985ರ ಪ್ರಕಾರ ನಗರ ಕಾಂಪೋಸ್ಟಿನ ಕನಿಷ್ಠ ಶೇಕಡಾ 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು. ಅದಕ್ಕಿಂತ ಸಣ್ಣ ಪ್ಲಾಸ್ಟಿಕ್ ಚೂರುಗಳೂ ಗೊಬ್ಬರದ ಜೊತೆಯಲ್ಲೇ ಇಳಿದುಬಿಡುತ್ತವೆ. ಒಮ್ಮೆ ಮಣ್ಣಿಗೆ ಸೇರಿದ ಚೂರನ್ನು ಆರಿಸಿ ತೆಗೆಯುವುದು ಅಸಾಧ್ಯ.

ಆದ್ದರಿಂದ ನಗರಸಭೆಗಳು ಹೋಟೆಲುಗಳಿಗೆ ಪರವಾನಗಿ ಕೊಡುವಾಗ ಒಂದು ಷರತ್ತು ಹಾಕಬೇಕು: ಹೋಟೆಲಿನಲ್ಲಿ ಬಡಿಸುವಾಗ ತೊಳೆದು ಬಳಸುವ ತಟ್ಟೆ ಇಲ್ಲವೆ ಬಾಳೆ ಎಲೆ, ಕಟ್ಟಿಕೊಡುವಾಗ ಬಾಳೆ ಅಥವಾ ಮುತ್ತುಗದ ಎಲೆ. ಪ್ರಮಾಣಪತ್ರ ಪಡೆದ ಚೀಲವನ್ನು ಬಳಸಿದರೆ ಅದನ್ನು ಬೇರೆಯಾಗಿಯೇ ಸಂಗ್ರಹಿಸಬೇಕು.

ಅಡಿಕೆ ಹಾಳೆ ತಟ್ಟೆಯ ಬಗ್ಗೆ ಮಾತ್ರ ಎಚ್ಚರ ಬೇಕು. ಅಡಿಕೆಯ ಸಸ್ಯಕ್ಷಾರಗಳು (ಆಲ್ಕಲಾಯ್ಡ್) ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರ ಮೇ ತಿಂಗಳಲ್ಲಿ ಆಕ್ಷೇಪಿಸಿದೆ. ಇದರ ನಿಜಾಂಶವನ್ನು ನಮ್ಮ ಪ್ರಯೋಗಾಲಯಗಳೇ ಪರೀಕ್ಷಿಸಿ ತಿಳಿಸುವುದು ಬೆಳೆಗಾರರಿಗೂ ಉಣ್ಣುವವರಿಗೂ ಹಿತ.

ಎಲೆ ಒದಗಿಸುವ ಹೊಣೆ ನಮ್ಮದು. ಗೊನೆಗಾಗಿ ಬೆಳೆಸಿದ ಬಾಳೆಯಿಂದ ಎಲೆಗಳನ್ನು ಹೆಚ್ಚಾಗಿ ಕೊಯ್ದರೆ ಗೊನೆ ಸಣ್ಣದಾಗುತ್ತದೆ. ಎಲೆಗೆಂದೇ ಬೇರೆ ತಾಕು ಬೆಳೆಸುವುದು ಲೇಸು. ನಗರ ಕಾಂಪೋಸ್ಟ್ ಕೊಳ್ಳುವ ಮುನ್ನ ಒಂದು ಬೊಗಸೆಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ. ಪ್ಲಾಸ್ಟಿಕ್ ಚೂರು ಕಂಡರೆ ಆ ಗೊಬ್ಬರವನ್ನು ತೆಗೆದುಕೊಳ್ಳಬೇಡಿ. ಕೊಳ್ಳುವವನು ಬೇಡವೆಂದರೆ ಕಸ ವಿಂಗಡಿಸುವ ಬುದ್ಧಿ ಪೇಟೆಗೆ ತಾನಾಗಿ ಬರುತ್ತದೆ.